ಆಟವನ್ನೂ ಓದನ್ನೂ ಬಿಡಗೊಡದವರಿಗೆ

ಪ್ಲಸ್ ಟು ಫಲಿತಾಂಶ ಬಂದಿದೆ. ಜೀವಶಾಸ್ತ್ರದಲ್ಲಿ ಎ ಪ್ಲಸ್, ಉಳಿದವುಗಳಲ್ಲೂ ಅಂದುಕೊಂಡದ್ದಕ್ಕಿಂತ ಮೇಲೆಯೇ. ಇದೇ ವರ್ಷ ಕಾಸರಗೋಡು ಜಿಲ್ಲಾ ಹಾಕಿ ತಂಡದ ಗೋಲ್‌ಕೀಪರ್ ಆಗಿ ಕೊಲ್ಲಂನ ಕೃತಕ ಹುಲ್ಲಿನ ಟರ್ಫ್ ಮೇಲೆ ಆಡಿ ಬಂದೆ. ಎರಡೂ ಒಟ್ಟಿಗೆ ಹೇಗಾಯಿತು ಎಂದು ಪೆರ್ಲ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಆಗುವಂತೆ ಮಾಡಿದವರು ಬೇರೆಯವರು. ಅವರ ಉಪಕಾರವನ್ನು ಎಲ್ಲರೆದುರು ಹೇಳಬೇಕು ಅನ್ನಿಸಿತು.

ಮೊದಲು ನಮ್ಮ ಪಿ.ಟಿ. ಮಾಷ್ಟ್ರು. "ಚೆಂಡು ಬರುವಾಗ ನಿನ್ನ ಕಣ್ಣು ಮುಚ್ಚುವುದಿಲ್ಲ ಮಗಾ, ನೀನು ಗೋಲಿಗೆ ನಿಲ್ಲು" ಎಂದು ಎಂಟನೆಯ ಕ್ಲಾಸಿನಲ್ಲಿ ನನ್ನನ್ನು ಅಲ್ಲಿ ನಿಲ್ಲಿಸಿದವರು ಅವರು. ಹಾಕಿಯ ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ನಮ್ಮ ತಪ್ಪಿಗೆ ಎದುರಿನವರಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲಿನ ಹತ್ತಿರದಿಂದ ಹೊಡೆಯುವ ಅವಕಾಶ, ಸಿಕ್ಕಿತೆಂದರೆ ಗೋಲ್‌ಕೀಪರ್ ಸೇರಿ ಐವರೇ ಕಾಯಬೇಕು. ನಮ್ಮ ಉಳಿದವರೆಲ್ಲ ನಡುಗೆರೆಯ ಆಚೆ. ಚೆಂಡು ತಡೆದರೆ ಅರ್ಧ ಕೆಲಸ, ಅದನ್ನು ಬದಿಗೆ ಒದ್ದು ದಾಟಿಸಿದರೆ ಮಾತ್ರ ಪೂರ್ತಿ ಎಂದು ಅವರು ಸಾರಿ ಸಾರಿ ಹೇಳುತ್ತಿದ್ದರು. ನಮ್ಮ ಶಾಲೆಯದ್ದು ಮುರಕಲ್ಲಿನ ಮೈದಾನ, ಚೆಂಡು ಎಲ್ಲಿಂದ ಎಲ್ಲಿಗೆ ಹಾರುತ್ತದೆಂದು ಹೇಳಲಿಕ್ಕಾಗದು. ಟರ್ಫ್‌ನಲ್ಲಿ ಅದು ನೆಲಕ್ಕಂಟಿಕೊಂಡೇ ನುಗ್ಗಿ ಬರುತ್ತದೆ. ಕೊಲ್ಲಂನಲ್ಲಿ ಮೊದಲ ದಿನ ನಾನು ಕಂಗಾಲಾದಾಗ, ಸಂಜೆ ಮೈದಾನ ಖಾಲಿಯಾಗುವವರೆಗೆ ಕಾದು, ತಾವೇ ಸ್ಟಿಕ್ ಹಿಡಿದು ಹೊಡೆದು ಅಭ್ಯಾಸ ಮಾಡಿಸಿದರು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್‌ಕೀಪರ್ ಮ್ಯಾನುವೆಲ್ ಫ್ರೆಡರಿಕ್ ನಮ್ಮ ಪಕ್ಕದ ಕಣ್ಣೂರಿನವರು ಎಂದು ತಿಳಿಸಿದವರೂ ಮಾಷ್ಟ್ರೇ. ಭಾರತದ ಗೋಲ್‌ಕೀಪರ್ ಆಗಿದ್ದ, ಕೇರಳದವರೇ ಆದ ಶ್ರೀಜೇಶ್ ಅವರ ಕಥೆಯನ್ನಂತೂ ಎಷ್ಟು ಸಲ ಕೇಳಿದರೂ ಸಾಲದು. ಮಗನ ಕಿಟ್‌ಗಾಗಿ ಅವರ ಅಪ್ಪ ಹಸುವನ್ನು ಮಾರಿದ್ದರು. ಅದೇ ಮಗ 2021ರಲ್ಲಿ ಟೋಕಿಯೊದಲ್ಲಿ, ಜರ್ಮನಿಯ ಎದುರು ಭಾರತ 5–4ರಿಂದ ಮುಂದಿದ್ದಾಗ, ಕೊನೆಯ ಸೆಕೆಂಡುಗಳ ಪೆನಾಲ್ಟಿ ಕಾರ್ನರ್ ತಡೆದು 41 ವರ್ಷಗಳ ನಂತರ ದೇಶಕ್ಕೆ ಹಾಕಿ ಪದಕ ಉಳಿಸಿಕೊಟ್ಟರು. ನನಗಾಗಿ ನಮ್ಮ ಮನೆಯಲ್ಲಿ ಏನನ್ನೂ ಮಾರಬೇಕಾಗಲಿಲ್ಲ. ದುಬೈಯಲ್ಲಿರುವ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳು ಹಣ ಸೇರಿಸಿ ಪ್ಯಾಡು, ಪಾದಕ್ಕೆ ತೊಡುವ ಕಿಕ್ಕರ್, ಹೆಲ್ಮೆಟ್, ಎಲ್ಲವನ್ನೂ ಕೊಡಿಸಿದರು. ಅವರಲ್ಲಿ ಹೆಚ್ಚಿನವರು ನನ್ನ ಮುಖವನ್ನೂ ನೋಡಿದವರಲ್ಲ. ಅಣ್ಣಂದಿರೇ, ಅಕ್ಕಂದಿರೇ, ನನ್ನ ಎದೆಗೆ ಬಿದ್ದ ಪ್ರತಿಯೊಂದು ಪೆಟ್ಟನ್ನೂ ಮೊದಲು ತಡೆದದ್ದು ನೀವು.

ಮಳೆಗಾಲದಲ್ಲಿ ಆ ಪ್ಯಾಡುಗಳು ಒಣಗುವುದೇ ಇಲ್ಲ. ಅಜ್ಜಿ ಅವನ್ನು ಬಚ್ಚಲಿನ ಒಲೆಯ ಹತ್ತಿರ, ಬೆಚ್ಚಗಾಗುವಷ್ಟು ಹತ್ತಿರ, ಆದರೆ ಫೋಮ್ ಕರಗದಷ್ಟು ದೂರ ಇಟ್ಟು, ರಾತ್ರಿ ಎದ್ದು ಮಗುಚಿ ಹಾಕುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಾ ಪಕ್ಕದಲ್ಲಿ ಕುಳಿತು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲದಿದ್ದರೂ ನಾನು ತಡವರಿಸಿದ ಜಾಗ ಅವರಿಗೆ ತಿಳಿಯುತ್ತಿತ್ತು.

ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಮಾಧ್ಯಮದ ಪ್ಲಸ್ ವನ್ ಎಷ್ಟು ಕಷ್ಟ ಎಂಬುದು ಗಡಿಯ ಈಚೆ ಇರುವ ನಮಗೇ ಗೊತ್ತು. ಕೆಮಿಸ್ಟ್ರಿ ಟೀಚರ್ ನಾನು ತಪ್ಪಿಸಿಕೊಂಡ ಪಾಠಗಳನ್ನು ಕನ್ನಡದಲ್ಲಿ ವಿವರಿಸಿ ಫೋನಿಗೆ ಕಳಿಸುತ್ತಿದ್ದರು. ಕೊಲ್ಲಂಗೆ ಹೋಗುವ ಮಾವೇಲಿ ಎಕ್ಸ್‌ಪ್ರೆಸ್ ರೈಲಿನ ಮೇಲಿನ ಬರ್ತಿನಲ್ಲಿ ಕಿವಿಗೆ ಇಯರ್‌ಫೋನ್ ಇಟ್ಟು ಕೇಳುತ್ತಾ ಹೋದದ್ದೇ ಪರೀಕ್ಷೆಯಲ್ಲಿ ಕೈ ಹಿಡಿಯಿತು. ಟೀಚರ್, ಅದು ನಿಮ್ಮ ಕೆಲಸದ ಲೆಕ್ಕದಲ್ಲಿ ಇರಲಿಲ್ಲ. ಆದರೂ ಮಾಡಿದಿರಿ.

ಕಾಲು ಚಾಚಿ ಚೆಂಡು ತಡೆಯುವಾಗ ತೊಡೆಯ ಒಳಬದಿಯ ಸ್ನಾಯು ಎಳೆದುಕೊಂಡು ವಾರಗಟ್ಟಲೆ ಆಟ ನಿಂತಿತ್ತು. ಆಗ ಸಿಕ್ಕವರು ಕಾಸರಗೋಡಿನ ಒಬ್ಬ ಫಿಸಿಯೋಥೆರಪಿಸ್ಟ್ ಅಕ್ಕ. ಮೊಣಕಾಲುಗಳ ನಡುವೆ ಚೆಂಡಿಟ್ಟು ಒತ್ತಿ ಹಿಡಿಯುವ ವ್ಯಾಯಾಮ ಕೊಟ್ಟು, "ಹೀಗೆ ಒತ್ತಿಕೊಂಡೇ ಪುಸ್ತಕ ಓದು" ಎಂದರು. ಬಾಯಿಪಾಠ ಮಾಡಿದ್ದ ಸ್ನಾಯುವಿನ ಪ್ರೋಟೀನ್‌ಗಳಾದ ಆಕ್ಟಿನ್, ಮಯೋಸಿನ್ ನನ್ನದೇ ಕಾಲಿನೊಳಗೆ ಕೆಲಸ ಮಾಡುತ್ತಿವೆ ಎಂದು ಅವರು ವಿವರಿಸಿದ ದಿನವೇ ಮುಂದೆ ಏನು ಓದಬೇಕೆಂದು ತೀರ್ಮಾನಿಸಿದೆ. ಫಿಸಿಯೋಥೆರಪಿಗೆ ಸೇರುವ ಪ್ರಯತ್ನದಲ್ಲಿದ್ದೇನೆ. ಕಾಲೇಜು ತಂಡದಲ್ಲೂ ಗೋಲು ಕಾಯಬೇಕು, ಆಮೇಲೆ ಆಟಗಾರರ ಜೊತೆಗೇ ಕೆಲಸ ಮಾಡಬೇಕು. ಅಕ್ಕಾ, ಒಂದು ದಿನ ನಿಮ್ಮ ಕೈಕೆಳಗೆ ಕಲಿಯಲು ಬರುತ್ತೇನೆ.

ಇನ್ನು ಬಸ್ಸಿನ ಕಂಡಕ್ಟರಣ್ಣ. ಕಡಿಮೆ ದರದ ಕನ್ಸೆಷನ್ ಟಿಕೆಟ್ಟಿನ ಮಕ್ಕಳನ್ನು ಹತ್ತಿಸಿಕೊಳ್ಳುವುದೇ ಕಷ್ಟವಾದ ಹೊತ್ತಿನಲ್ಲಿ ನನ್ನನ್ನೂ, ನನಗಿಂತ ದೊಡ್ಡ ಬ್ಯಾಗನ್ನೂ ಹತ್ತಿಸಿ, ಹಿಂದಿನ ಸೀಟಿನ ಪಕ್ಕ ಜಾಗ ಮಾಡಿಕೊಟ್ಟವರು. ಒಂದು ದಿನವೂ ಗೊಣಗಲಿಲ್ಲ. ಅಣ್ಣಾ, ಕಿಟ್ಟನ್ನು ಶಾಲೆಗೆ ಒಪ್ಪಿಸಿದ್ದೇನೆ. ಜೂನ್‌ನಿಂದ ಎಂಟನೆಯ ಕ್ಲಾಸಿನ ಒಬ್ಬ ಹುಡುಗಿ ಅದನ್ನು ಹೊತ್ತು ನಿಮ್ಮ ಬಸ್ಸಿಗೇ ಬರುತ್ತಾಳೆ. ಕೇಳಲು ಅವಳಿಗೆ ನಾಚಿಕೆ, ಅದಕ್ಕೆ ನಾನೇ ಕೇಳುತ್ತಿದ್ದೇನೆ: ಅವಳಿಗೂ ಆ ಜಾಗ ಕೊಡಿ. ಕಾಲೇಜು ಶುರುವಾಗುವವರೆಗೆ ಶನಿವಾರಗಳಂದು ಅವಳಿಗೆ ಅಭ್ಯಾಸ ಮಾಡಿಸಲು ನಾನೂ ಅದೇ ಬಸ್ಸಿನಲ್ಲಿ ಬರುತ್ತೇನೆ.