ಮುಟ್ಟಿನ ಲೆಕ್ಕದ ಆಪ್‌ ಗರ್ಭನಿರೋಧಕವಲ್ಲ

ಮಾನ್ಯ ಸಂಪಾದಕರೇ,

ಮಾತ್ರೆಯೂ ಬೇಡ, ವಂಕಿಯೂ (ಗರ್ಭಕೋಶದಲ್ಲಿ ಇಡುವ ಕಾಪರ್‌-ಟಿ) ಬೇಡ, ಫೋನಿನಲ್ಲಿ ಒಂದು ಆಪ್‌ ಹಾಕಿಕೊಂಡರೆ ಸಾಕು, ಬಸಿರಾಗುವ ಭಯವಿಲ್ಲ ಎಂಬ ಮಾತನ್ನು ನಮ್ಮ ಊರಿನ ಹೆಣ್ಣುಮಕ್ಕಳ ಬಾಯಲ್ಲಿ ಈಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ನಾನು ರಾಮನಗರದ ಸುತ್ತಲಿನ ಉಪಕೇಂದ್ರಗಳಲ್ಲಿ ದುಡಿದು ನಿವೃತ್ತಳಾದ ಆರೋಗ್ಯ ಸಹಾಯಕಿ. ಕೆಲಸ ಬಿಟ್ಟರೂ ಮನೆ ಬಾಗಿಲಿಗೆ ಬರುವವರು ಬಿಟ್ಟಿಲ್ಲ. ರೇಷ್ಮೆ ನೂಲು ತೆಗೆಯುವ ಹೆಂಗಸರು, ಬಿಡದಿಯ ಕಾರ್ಖಾನೆಗಳಿಗೆ ಶಿಫ್ಟ್‌ ಮೇಲೆ ಹೋಗುವವರು, ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಓಡುವವರು ಬಂದು, “ಸಿಸ್ಟರ್, ಇವತ್ತು ಹಸಿರು ತೋರಿಸ್ತಾ ಇದೆ, ಏನೂ ಆಗಲ್ಲ ಅಲ್ವಾ?” ಎಂದು ಫೋನನ್ನೇ ನನ್ನ ಮುಂದೆ ಹಿಡಿಯುತ್ತಾರೆ. ಹಸಿರೆಂದರೆ ಆಪ್‌ ಲೆಕ್ಕದಲ್ಲಿ ಗರ್ಭ ನಿಲ್ಲದ ದಿನ. ಅವರಿಗೆ ಹೇಳುವುದನ್ನು ನಿಮ್ಮ ಓದುಗರಿಗೂ ಹೇಳಬೇಕೆನಿಸಿ ಈ ಪತ್ರ.

ಮೊದಲು ನಾನು ಅವರನ್ನು ಕೇಳುವ ಪ್ರಶ್ನೆ ಒಂದೇ: ನಿನ್ನ ಆಪ್‌ ಪ್ರತಿದಿನ ನಿನ್ನ ಮೈಯಿಂದ ಏನಾದರೂ ಅಳತೆ ಕೇಳುತ್ತದೆಯೇ? ಬಹಳಷ್ಟು ಜನರ ಉತ್ತರ “ಇಲ್ಲ”. ಮುಟ್ಟಾದ ದಿನಾಂಕ ಒತ್ತುತ್ತಾರೆ, ಅಷ್ಟೇ. ಅಂಥ ಆಪ್‌ ಮಾಡುವುದು ಬರೀ ಎಣಿಕೆ. ಹಿಂದಿನ ತಿಂಗಳುಗಳ ತಾರೀಖು ನೋಡಿ, ಈ ತಿಂಗಳು ಅಂಡ ಬಿಡುಗಡೆಯಾಗುವುದು ಇಂಥ ದಿನ ಇರಬಹುದು ಎಂದು ಊಹಿಸುತ್ತದೆ. ಮೈ ಆ ಊಹೆಗೆ ಕಟ್ಟುಬಿದ್ದಿಲ್ಲ. ಅಂಡ ಹೊರಬಂದ ಮೇಲೆ ಬದುಕುವುದು ಹೆಚ್ಚೆಂದರೆ ಒಂದು ದಿನ. ಆದರೆ ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಜೀವ ಹಿಡಿದಿರಬಲ್ಲದು. ಹಾಗಾಗಿ ಗರ್ಭ ನಿಲ್ಲಬಹುದಾದ ದಿನಗಳು ತಿಂಗಳಿಗೆ ಸುಮಾರು 6, ಮತ್ತು ಅವು ಶುರುವಾಗುವುದು ಅಂಡ ಬಿಡುಗಡೆಗೆ ಮುಂಚೆಯೇ. ನಾಳೆ ನಾಡಿದ್ದರಲ್ಲಿ ಆಗುವುದನ್ನು ಇವತ್ತೇ ಖಚಿತವಾಗಿ ಹೇಳಬೇಕು, ಕಷ್ಟ ಇರುವುದು ಅಲ್ಲೇ. ಶಾಲೆಯ ಪುಸ್ತಕದಲ್ಲಿ 28 ದಿನದ ಚಕ್ರ ಎಂದು ಓದಿರುತ್ತೇವೆ. 6 ಲಕ್ಷಕ್ಕೂ ಹೆಚ್ಚು ಮುಟ್ಟಿನ ಚಕ್ರಗಳ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಿಯಾಗಿ 28 ದಿನಕ್ಕೆ ಬಂದವು ನೂರಕ್ಕೆ 13 ಮಾತ್ರ. ಮುಟ್ಟಿನಿಂದ ಅಂಡ ಬಿಡುಗಡೆಯವರೆಗಿನ ಅವಧಿ ಹಿಗ್ಗುತ್ತದೆ, ಕುಗ್ಗುತ್ತದೆ. ಪಿಸಿಒಡಿ ಎಂಬ ಅಂಡಾಶಯದ ತೊಂದರೆ, ಥೈರಾಯ್ಡ್‌ ಇದ್ದವರಲ್ಲಿ ಇನ್ನೂ ಹೆಚ್ಚು.

ಕೈಗೂಸಿನ ತಾಯಂದಿರ ಬಗ್ಗೆ ನನಗೆ ವಿಶೇಷ ಕಳವಳ. ಮಗು ಅನ್ನ, ರಾಗಿಸರಿ ತಿನ್ನಲು ಶುರು ಮಾಡಿದೆ, ಹಾಲು ಕುಡಿಯುವುದು ಕಡಿಮೆಯಾಗಿದೆ, ಆದರೆ ಮುಟ್ಟು ಇನ್ನೂ ಬಂದಿಲ್ಲ. ಹೆರಿಗೆಯ ನಂತರ ಮೊದಲ ಅಂಡ ಬಿಡುಗಡೆಯಾಗುವುದು ಮೊದಲ ಮುಟ್ಟಿಗೆ ಮುಂಚೆಯೇ ಇರಬಹುದು. ಮುಟ್ಟೇ ಬಾರದವಳ ಲೆಕ್ಕವನ್ನು ಆಪ್‌ ಎಲ್ಲಿಂದ ಶುರು ಮಾಡೀತು? ಕಳೆದ ವರ್ಷ ಒಬ್ಬ ಸೊಸೆ ಅತ್ತೆಗೆ ತಿಳಿಯದ ಹಾಗೆ ನನ್ನ ಹತ್ತಿರ ಬಂದಳು. ಚೊಚ್ಚಲ ಮಗು ಇನ್ನೂ ತೆವಳುತ್ತಿತ್ತು. ಮದುವೆಗೆ ಮುಂಚಿನ ತಾರೀಖುಗಳೇ ಫೋನಿನಲ್ಲಿದ್ದವು, ಆಪ್‌ ಅವುಗಳ ಮೇಲೆಯೇ ಹಸಿರು ಬಳಿಯುತ್ತಾ ಹೋಗಿತ್ತು. ಸ್ಟ್ರಿಪ್‌ನಲ್ಲಿ ಎರಡು ಗೆರೆ ಕಂಡಾಗ ಅವಳು ಅಳಲೂ ಇಲ್ಲ, “ದಿನಾ ನೋಡ್ತಿದ್ದೆ ಸಿಸ್ಟರ್” ಎಂದಷ್ಟೇ ಹೇಳಿದಳು. ಅಷ್ಟು ಎಚ್ಚರದಿಂದಿದ್ದ ಹುಡುಗಿಯನ್ನು ನಿರ್ಲಕ್ಷ್ಯ ಮಾಡಿದಳು ಎಂದು ಯಾರಾದರೂ ಬೈದರೆ ನಾನು ಒಪ್ಪುವುದಿಲ್ಲ.

ಇನ್ನು ಅಳತೆ ಕೇಳುವ ಆಪ್‌ಗಳ ವಿಷಯ. ಸ್ವೀಡನ್ನಿನ ನ್ಯಾಚುರಲ್‌ ಸೈಕಲ್ಸ್‌ ಅಂಥದ್ದು. ಬೆಳಗ್ಗೆ ಎದ್ದು ಕೂರುವ ಮುಂಚೆಯೇ ಮೈಯ ಉಷ್ಣಾಂಶ ಅಳೆದು ಅದರಲ್ಲಿ ದಾಖಲಿಸಬೇಕು, ಏಕೆಂದರೆ ಅಂಡ ಬಿಡುಗಡೆಯಾದ ಮೇಲೆ ಉಷ್ಣಾಂಶ ಸ್ವಲ್ಪ ಏರುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಅದಕ್ಕೆ ಗರ್ಭನಿರೋಧಕವಾಗಿ ಮಾರಲು ಅನುಮತಿ ಕೊಟ್ಟರು. 15 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ನೋಡಿದಾಗ, ಒಂದೂ ತಪ್ಪಿಲ್ಲದೆ ಬಳಸಿದರೆ ವರ್ಷಕ್ಕೆ ನೂರರಲ್ಲಿ 1.8, ಸಾಮಾನ್ಯ ಬಳಕೆಯಲ್ಲಿ 6.5 ಮಂದಿ ಬಸಿರಾಗುತ್ತಾರೆಂಬ ಲೆಕ್ಕ ಸಿಕ್ಕಿತ್ತು. ಅದಕ್ಕೂ ಮುಂಚೆ ಸ್ಟಾಕ್‌ಹೋಮ್‌ನ ಒಂದು ಆಸ್ಪತ್ರೆಗೆ ಕೆಲವೇ ತಿಂಗಳಲ್ಲಿ ಗರ್ಭಪಾತಕ್ಕೆ ಬಂದ 668 ಮಹಿಳೆಯರಲ್ಲಿ 37 ಮಂದಿ ಇದೇ ಆಪ್‌ ಬಳಸುತ್ತಿದ್ದರೆಂದು ಗೊತ್ತಾಗಿ ದೊಡ್ಡ ಗದ್ದಲವಾಯಿತು. ಅಲ್ಲಿನ ಔಷಧ ಪ್ರಾಧಿಕಾರ ತನಿಖೆ ನಡೆಸಿ, ವೈಫಲ್ಯದ ಪ್ರಮಾಣ ಕಂಪನಿ ಮೊದಲೇ ಹೇಳಿದ್ದ ಮಿತಿಯಲ್ಲೇ ಇದೆ ಎಂದಿತು. ಅದೇ ವರ್ಷ ಬ್ರಿಟನ್ನಿನ ಜಾಹೀರಾತು ನಿಯಂತ್ರಕರು, ಇದು ಅತ್ಯಂತ ನಿಖರ ಎಂದು ಸಾರುತ್ತಿದ್ದ ಅದರ ಫೇಸ್‌ಬುಕ್‌ ಜಾಹೀರಾತು ಜನರ ದಾರಿ ತಪ್ಪಿಸುವಂಥದ್ದು ಎಂದು ತೀರ್ಪಿತ್ತರು. ನ್ಯಾಯವಾಗಿ ಹೇಳಬೇಕೆಂದರೆ 6.5 ಎಂಬುದು ಕೆಟ್ಟ ಸಂಖ್ಯೆಯೇನಲ್ಲ. ಸಾಮಾನ್ಯ ಬಳಕೆಯಲ್ಲಿ ನುಂಗುವ ಮಾತ್ರೆಯ ವೈಫಲ್ಯವೂ ವರ್ಷಕ್ಕೆ ನೂರರಲ್ಲಿ 7ರಷ್ಟು, ನಿರೋಧ್‌ನದು 13ರಷ್ಟು. ಕಾಪರ್‌-ಟಿಯದು ಒಂದಕ್ಕಿಂತ ಕಡಿಮೆ.

ಆದರೆ ಆ 6.5ರ ಸಂಖ್ಯೆ ಬಂದದ್ದು ಯಾರಿಂದ ಎಂಬುದನ್ನೂ ನೋಡಬೇಕು. ತಾವಾಗಿಯೇ ಆ ಆಪ್‌ ಆರಿಸಿಕೊಂಡು, ಥರ್ಮಾಮೀಟರ್‌ ಇಟ್ಟುಕೊಂಡು, ನಿತ್ಯ ಅಳೆದವರಿಂದ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವವಳಿಗೆ, ಮಗು ಅತ್ತಾಗಲೆಲ್ಲ ಏಳುವವಳಿಗೆ, ಜ್ವರ ಬಂದವಳಿಗೆ ಆ ಅಳತೆ ಕೆಟ್ಟುಹೋಗುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆಪ್‌ ತಾನಾಗಿ ಏನನ್ನೂ ತಡೆಯುವುದಿಲ್ಲ. ಕೆಂಪು ದಿನ ಎಂದು ತೋರಿಸಿದಾಗ ಗಂಡ ಹೆಂಡತಿ ಕೂಡಬಾರದು, ಇಲ್ಲವೇ ನಿರೋಧ್‌ ಬಳಸಬೇಕು. ತಡೆಯುವುದು ಆ ಸಂಯಮ, ಆ ನಿರೋಧ್‌. ಇಷ್ಟು ವರ್ಷ ಮನೆಮನೆ ತಿರುಗಿದವಳಾಗಿ ಹೇಳುತ್ತೇನೆ: ಎಷ್ಟೋ ಮನೆಗಳಲ್ಲಿ “ಇವತ್ತು ಬೇಡ” ಎನ್ನುವ ಹಕ್ಕು ಹೆಂಡತಿಗೆ ಇಲ್ಲ. ಕುಡಿದು ಬಂದ ಗಂಡನಿಗೆ ಫೋನಿನ ಬಣ್ಣ ತೋರಿಸಿ ಯಾರು ಬಚಾವಾಗುತ್ತಾರೆ? ಕುಡಿಯದ ಗಂಡನೂ ಸಿಟ್ಟಾಗುತ್ತಾನೆ, “ಫೋನ್‌ ಹೇಳಿದ ಹಾಗೆ ಸಂಸಾರ ಮಾಡಬೇಕಾ?” ಎನ್ನುತ್ತಾನೆ. ಅಂಥ ಮನೆಯ ಹೆಣ್ಣಿಗೆ ಗಂಡನ ಒಪ್ಪಿಗೆ ಕೇಳಬೇಕಾಗದ ವಿಧಾನ ಬೇಕು. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್‌ ಮಾಡಿಸಿಕೊಂಡಿದ್ದಾರೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಗಂಡಸರ ಆಪರೇಷನ್‌ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೊರೆ ಯಾರ ಮೇಲಿದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಊರಿಗೆ ಈ ವಿಷಯ ಹೊಸದೇನೂ ಅಲ್ಲ. 1930ರಲ್ಲೇ ಸರ್ಕಾರದಿಂದ ಸಂತಾನ ನಿಯಂತ್ರಣದ ಕ್ಲಿನಿಕ್‌ ತೆರೆದ ಸಂಸ್ಥಾನ ಮೈಸೂರು. ಸ್ವಾತಂತ್ರ್ಯದ ನಂತರ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್‌ ಕೃತಕ ವಿಧಾನಗಳನ್ನು ಒಪ್ಪದೆ ಸುರಕ್ಷಿತ ದಿನಗಳ ಪದ್ಧತಿಯನ್ನೇ ಹಿಡಿದರು. ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಆ ಪದ್ಧತಿಯನ್ನು ಕಲಿಸಿ ನೋಡಲು ಅಮೆರಿಕದ ವೈದ್ಯ ಡಾ. ಅಬ್ರಹಾಂ ಸ್ಟೋನ್‌ ಅವರನ್ನು ಕಳಿಸಿತು. ಪ್ರಯೋಗಕ್ಕೆ ಆಯ್ದ ಎರಡು ಜಾಗಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ದಿನಕ್ಕೊಂದರಂತೆ ಸರಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಹಸಿರು ಮಣಿಯ ದಿನ ಭಯವಿಲ್ಲ, ಕೆಂಪು ಮಣಿಯ ದಿನ ದೂರವಿರಬೇಕು. ಕಲಿಯಲು ಮುಂದೆ ಬಂದವರು ಬಹಳ, ಪಾಲಿಸಿಕೊಂಡು ಹೋದವರು ತೀರಾ ಕಡಿಮೆ. ಮುಂದೆ ಅಮೆರಿಕದ ಜಾರ್ಜ್‌ಟೌನ್‌ ವಿಶ್ವವಿದ್ಯಾಲಯದವರು ಇದೇ ಬಗೆಯ ಮಣಿಸರವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದರು. 26ರಿಂದ 32 ದಿನದೊಳಗೆ ಮುಟ್ಟಾಗುವವರು ಮಾತ್ರ ಬಳಸಬೇಕು, 8ನೇ ದಿನದಿಂದ 19ನೇ ದಿನದವರೆಗೆ ಎಚ್ಚರದಿಂದಿರಬೇಕು ಎಂಬ ನಿಯಮ ಅವರದು. ಆ ನಿಯಮವಿದ್ದೂ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ 12 ಮಂದಿ ಬಸಿರಾದರು. ಇವತ್ತು ಫೋನಿನಲ್ಲಿರುವ ಎಷ್ಟೋ ಆಪ್‌ಗಳಿಗೆ ಅಷ್ಟು ನಿಯಮವೂ ಇಲ್ಲ. 2016ರಲ್ಲಿ ಅಮೆರಿಕದ ವೈದ್ಯರು 95 ಆಪ್‌ ತೆಗೆದು ನೋಡಿದರು. 55ನ್ನು, ಅವು ಆಧಾರವಿರುವ ಯಾವ ಪದ್ಧತಿಯನ್ನೂ ಹೇಳುವುದಿಲ್ಲ ಅಥವಾ ಗರ್ಭ ತಡೆಗೆ ಬಳಸಬೇಡಿ ಎಂದು ತಾವೇ ಬರೆದುಕೊಂಡಿವೆ ಎಂಬ ಕಾರಣಕ್ಕೆ ಬದಿಗಿಟ್ಟರು. ಉಳಿದ 40ರಲ್ಲಿ, ಗರ್ಭ ನಿಲ್ಲುವ ದಿನವನ್ನು ಸುರಕ್ಷಿತ ಎಂದು ತಪ್ಪಾಗಿ ತೋರಿಸದವು 6 ಮಾತ್ರ.

ಸರ್ಕಾರವನ್ನು ನಾನು ಕೇಳುವುದು ಇದು. 2020ರ ಫೆಬ್ರವರಿಯಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಸಾಫ್ಟ್‌ವೇರನ್ನೂ ತಂದಿದೆ, ಗರ್ಭಧಾರಣೆ ನಿಯಂತ್ರಣವನ್ನೂ ಹೆಸರಿಸಿದೆ. ಅಂದಮೇಲೆ “ಸೇಫ್‌ ದಿನ” ತೋರಿಸಿ ಗರ್ಭ ತಡೆಯುತ್ತೇನೆ ಎನ್ನುವ ಆಪ್‌ ಪರೀಕ್ಷೆಗೆ ಒಳಪಡಬೇಕು. ಪರೀಕ್ಷೆ ದಾಟದವು ಹಸಿರು ಬಣ್ಣ ತೋರಿಸುವ ಜಾಗದಲ್ಲೇ, ಒಳಗಿನ ನಿಯಮಾವಳಿಯಲ್ಲಿ ಬಚ್ಚಿಡದೆ, “ಗರ್ಭ ತಡೆಗೆ ಇದನ್ನು ನಂಬಬೇಡಿ” ಎಂದು ಕನ್ನಡದಲ್ಲಿ ಬರೆಯಬೇಕು. ನಮ್ಮ ಆಶಾ ಕಾರ್ಯಕರ್ತೆಯರಿಗೆ ಈ ಆಪ್‌ಗಳ ಬಗ್ಗೆ ಒಂದು ದಿನದ ತರಬೇತಿ ಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ಮೇಲಿನ ಪಟ್ಟಿಯಲ್ಲಿ ನಿರೋಧ್‌, ಮಾಲಾ-ಎನ್‌, ಕಾಪರ್‌-ಟಿ ಎಲ್ಲ ಇವೆ. ಯುವತಿಯರ ಕೈಯಲ್ಲಿರುವ ಫೋನಿನ ಮಾತೂ ಅಲ್ಲಿ ಬರಲಿ.

ಮುಟ್ಟಿನ ತಾರೀಖು ನೆನಪಿಡಲು, ಮಗು ಬೇಕೆಂದು ಕಾಯುವವರಿಗೆ ಆಪ್‌ ಇರಲಿ, ನನ್ನ ತಕರಾರಿಲ್ಲ. ಮಗು ಬೇಡ ಎನ್ನುವವರು ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ. ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಎಂಬ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು ನುಂಗುವ ಛಾಯಾ ಮಾತ್ರೆ, ಕಾಪರ್‌-ಟಿ, ಎಲ್ಲವೂ ಉಚಿತ. ಛಾಯಾದಲ್ಲಿ ಹಾರ್ಮೋನ್‌ ಇಲ್ಲ, ಹಾಲೂಡಿಸುವವರೂ ತೆಗೆದುಕೊಳ್ಳಬಹುದು. ಹಸಿರು ದಿನವೆಂದು ನಂಬಿ ಕೂಡಿದ ಮೇಲೆ ಅನುಮಾನ ಬಂದರೆ 72 ಗಂಟೆಯೊಳಗೆ ತುರ್ತು ಮಾತ್ರೆ, 5 ದಿನದೊಳಗಾದರೆ ಕಾಪರ್‌-ಟಿ ಇದೆ. ಮುಟ್ಟು ತಪ್ಪಿಯೇ ಬಿಟ್ಟಿದ್ದರೆ ಮೆಡಿಕಲ್‌ ಶಾಪಿನಿಂದ ಗರ್ಭಪಾತದ ಮಾತ್ರೆ ತಂದು ಒಬ್ಬರೇ ನುಂಗಬೇಡಿ. ಗರ್ಭನಿರೋಧಕ ವಿಫಲವಾದದ್ದು ಗರ್ಭಪಾತಕ್ಕೆ ಕಾನೂನು ಒಪ್ಪುವ ಕಾರಣ, 2021ರ ತಿದ್ದುಪಡಿಯ ನಂತರ ಮದುವೆಯಾಗದವರಿಗೂ. ಹೆದರದೆ ವೈದ್ಯರ ಬಳಿ ಹೋಗಿ, ಏನು ಬಳಸುತ್ತಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.

— ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ರಾಮನಗರ