ಪಕ್ಕದ ಕುರ್ಚಿಯಿಂದ ಬಂದ ನೆರವಿಗೆ ಧನ್ಯವಾದ

ವಿದ್ಯಾರ್ಥಿಗಳ ಭಾವಚಿತ್ರಗಳನ್ನು ಸೃಜನಾತ್ಮಕವಾಗಿ ತಿದ್ದುವ ತರಗತಿಯ ಯೋಜನೆಯಲ್ಲಿ ನಾನು ಫೋಟೋಶಾಪ್‌ನ ಇರೇಸರ್ (ಅಳಿಸುವ ಸಾಧನ) ಒಂದನ್ನೇ ನೆಚ್ಚಿಕೊಂಡು ಒದ್ದಾಡುತ್ತಿದ್ದಾಗ, ಪಕ್ಕದ ಕಂಪ್ಯೂಟರಿನಲ್ಲಿದ್ದ ತಾವು ಕುರ್ಚಿ ಸರಿಸಿಕೊಂಡು ಬಂದು ನೆರವಾದಿರಿ. ಆಗ ಹೆಸರು ಕೇಳಲೂ ತೋಚದಿದ್ದುದರಿಂದ ಈ ಕೃತಜ್ಞತೆಯನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ಗೆಳತಿಯ ಮುಖದ ಅರ್ಧಭಾಗವು ಮರದ ಕೊಂಬೆಗಳಲ್ಲಿ ಕರಗಿಹೋಗುವ ಚಿತ್ರವದು. ಕೂದಲಿನ ಅಂಚನ್ನು ನಾನು ಅಳಿಸಿ ಅಳಿಸಿ ಕೆಡಿಸಿದ್ದೆ. ಅಳಿಸುವುದಕ್ಕಿಂತ ಮರೆಮಾಡುವುದು ಲೇಸೆಂದು ಹೇಳಿದ ತಾವು ಲೇಯರ್ ಮಾಸ್ಕ್ (ಚಿತ್ರದ ಪದರವೊಂದರ ಭಾಗಗಳನ್ನು ಅಳಿಸದೆ ಮರೆಮಾಡುವ ಹೊದಿಕೆ) ಸೇರಿಸಿ, ಕಪ್ಪು ಬಳಿದಲ್ಲಿ ಪದರವು ಮರೆಯಾಗುವುದನ್ನೂ ಬಿಳಿ ಬಳಿದಲ್ಲಿ ಮರಳಿ ಕಾಣುವುದನ್ನೂ ಬೂದು ಬಳಿದಲ್ಲಿ ಅರೆಪಾರದರ್ಶಕವಾಗುವುದನ್ನೂ ಒಂದೇ ಕೂದಲೆಳೆಯ ಮೇಲೆ ತೋರಿಸಿಕೊಟ್ಟಿರಿ. ಹೀಗೆ ಮಾಡಿದ್ದರಿಂದ ಮೂಲಚಿತ್ರಕ್ಕೆ ಕೊಂಚವೂ ಧಕ್ಕೆಯಾಗಲಿಲ್ಲ.

ಚರ್ಮವನ್ನು ಮಸುಕುಗೊಳಿಸಿ ನುಣುಪಾಗಿಸಿದ್ದ ನನ್ನ ಇನ್ನೊಂದು ಚಿತ್ರವನ್ನು ಕಂಡು (ಮೇಣದ ಬೊಂಬೆಯಂತಿತ್ತು, ಒಪ್ಪಿಕೊಳ್ಳುತ್ತೇನೆ) ತಾವು ನಗಲಿಲ್ಲ. ಶೇ. 50ರ ಬೂದು ಬಣ್ಣದ ಪದರವನ್ನು ಸಾಫ್ಟ್ ಲೈಟ್ ಮೋಡ್‌ನಲ್ಲಿ (ಪದರವನ್ನು ಕೆಳಗಿನ ಚಿತ್ರದೊಂದಿಗೆ ಮೆದುವಾಗಿ ಬೆರೆಸುವ ವಿಧಾನ) ಇಟ್ಟರೆ ಅದು ಚಿತ್ರವನ್ನು ಬದಲಿಸುವುದಿಲ್ಲವೆಂದೂ, ಅದರ ಮೇಲೆ ಬಿಳಿ ಅಥವಾ ಕಪ್ಪು ಬ್ರಷ್ಷನ್ನು ಶೇ. 5ರಷ್ಟು ಮಾತ್ರ ತೀವ್ರತೆಯಲ್ಲಿ ಆಡಿಸುತ್ತ ಹೋದರೆ ಚರ್ಮದ ಸೂಕ್ಷ್ಮ ರಂಧ್ರಗಳು ಉಳಿದುಕೊಂಡೇ ನೆರಳು ಬೆಳಕು ಹದಕ್ಕೆ ಬರುತ್ತದೆಂದೂ ತಾಳ್ಮೆಯಿಂದ ವಿವರಿಸಿದಿರಿ. ಪದರಗಳು ಉಳಿಯಬೇಕಾದರೆ ಕಡತವನ್ನು ಜೆಪೆಗ್ ಆಗಿ ಮಾತ್ರವಲ್ಲದೆ ಪಿಎಸ್‌ಡಿ (ಪದರಗಳನ್ನು ಉಳಿಸಿಕೊಳ್ಳುವ ಫೋಟೋಶಾಪ್ ಕಡತ) ಆಗಿಯೂ ಇಟ್ಟುಕೊಳ್ಳಬೇಕೆಂಬ ಮಾತನ್ನಂತೂ ಅಂದಿನಿಂದ ತಪ್ಪದೆ ಪಾಲಿಸುತ್ತಿದ್ದೇನೆ.

ತಂತ್ರಕ್ಕಿಂತಲೂ ನನಗೆ ದೊಡ್ಡದೆನಿಸಿದ್ದು ಇನ್ನೊಂದಿದೆ. ಗೆಳತಿಯ ಕಣ್ಣಿನ ಕೆಳಗಿನ ಮಚ್ಚೆಯನ್ನು ತೆಗೆಯಲು ನಾನು ಹೊರಟಾಗ, ಮಚ್ಚೆ ಅವರದು, ಮೊದಲು ಅವರನ್ನು ಕೇಳಿ ಎಂದಿರಿ. ಕೇಳಿದೆ, ಅವಳು ಬೇಡವೆಂದಳು. ಮಚ್ಚೆ ಚಿತ್ರದಲ್ಲಿ ಹಾಗೆಯೇ ಇದೆ.