ಕಾರ್ಖಾನೆ ತಪಾಸಣೆಯಲ್ಲಿ ಮನಸ್ಸಿನ ಒತ್ತಡವನ್ನೂ ಪರಿಶೀಲಿಸಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು. ಶಿವಮೊಗ್ಗ ಸಮೀಪದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಬಹಳ ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ನಾನು, ಒಳಗೆ ಹೇಳಿದ ಮಾತು ಒಳಗೇ ಉಳಿಯುತ್ತದೆ ಎಂಬುದು ಖಚಿತವಾದ ಮೇಲೆ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ತಪಾಸಣೆಗೆ ಬರುವ ತಮ್ಮ ಅಧಿಕಾರಿಗಳು ಯಂತ್ರ, ಕುಡಿಯುವ ನೀರು, ಬೆಂಕಿ ಆರಿಸುವ ಸಾಧನಗಳನ್ನು ನೋಡಿದಂತೆಯೇ, ಕೆಲಸದ ರೀತಿಯಿಂದ ನಮ್ಮ ಮನಸ್ಸಿನ ಮೇಲೆ ಬೀಳುವ ಒತ್ತಡವನ್ನೂ ಪರಿಶೀಲಿಸಿ, ಅದನ್ನು ತಗ್ಗಿಸಲು ಲಿಖಿತ ಆದೇಶ ಕೊಡಬೇಕು. ನನ್ನ ಬೇಡಿಕೆ ಇಷ್ಟೇ.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೊರಗಿನಿಂದ ಒಬ್ಬರನ್ನು ಕರೆಸಿ ಒತ್ತಡ ನಿರ್ವಹಣೆಯ ತರಗತಿ ಮಾಡಿಸಿದರು. ನಿಧಾನವಾಗಿ ಉಸಿರಾಡುವುದನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟರು. ತರಗತಿ ಮುಗಿದ ಕೂಡಲೇ, ಆ ಹೊತ್ತಿನಲ್ಲಿ ಹೊಲಿಯದೆ ಉಳಿದ ಪೀಸುಗಳನ್ನು ಮುಂದಿನ ಗಂಟೆಗಳ ಟಾರ್ಗೆಟ್‌ಗೆ ಸೇರಿಸಿ ಬೋರ್ಡಿನಲ್ಲಿ ಬರೆದರು. ಆಮೇಲೆ ನಮ್ಮ ಲೈನಿನಲ್ಲಿ ಯಾರೂ ಶೌಚಾಲಯಕ್ಕೆ ಏಳಲಿಲ್ಲ. ಕಾಲರ್ ಕೂರಿಸುತ್ತಿದ್ದ ಹುಡುಗಿಯೊಬ್ಬಳು ಹಿಂದೆ ಬಿದ್ದಳೆಂದು, ಹೆತ್ತ ತಾಯಿಯ ಹೆಸರನ್ನೂ ಎಳೆದು ತಂದು, ಸೂಪರ್‌ವೈಸರ್ ಎಲ್ಲರೂ ಕೇಳುವಂತೆ ಬೈದರು. ಅವಳ ಕೈ ನಡುಗಿ ಸೂಜಿ ಬೆರಳಿಗೆ ಇಳಿಯಿತು. ಅಪಘಾತದ ಪುಸ್ತಕದಲ್ಲಿ ಬರೆದುಕೊಂಡ ಕಾರಣ, ಕಾರ್ಮಿಕಳ ಅಜಾಗರೂಕತೆ. ಕೈ ಏಕೆ ನಡುಗಿತೆಂದು ಕೇಳುವವರು ತಮ್ಮ ಇಲಾಖೆಯಲ್ಲಿ ಒಬ್ಬರೂ ಇಲ್ಲವೇ ಸ್ವಾಮಿ?

ನಿಯಮಗಳು ನನಗಿಂತ ತಮಗೆ ಚೆನ್ನಾಗಿ ಗೊತ್ತು. ವರದಿ ಮಾಡಲೇಬೇಕಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಸೀಸದ ವಿಷ, ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡು ಇವೆ. ಮನಸ್ಸಿನ ಕಾಯಿಲೆ ಇಲ್ಲ. ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಕೆಲಸಗಾರರಿಗೆ ಬುದ್ಧಿ ಹೇಳಿ ಸುಮ್ಮನಾಗುವುದಿಲ್ಲ. ಕೆಲಸದ ಪರಿಸ್ಥಿತಿಯನ್ನೇ ಸರಿಪಡಿಸಬೇಕು, ಮೇಲ್ವಿಚಾರಕರಿಗೂ ತರಬೇತಿ ಕೊಡಬೇಕು ಎನ್ನುತ್ತದೆ. ಬ್ರಿಟನ್ನಿನಲ್ಲಿ ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯು ಕೆಲಸದ ಹೊರೆ, ಅದರ ಮೇಲೆ ಕೆಲಸಗಾರರಿಗಿರುವ ಹಿಡಿತ, ಸಿಗುವ ಬೆಂಬಲ, ಪರಸ್ಪರ ನಡವಳಿಕೆ, ಹೊಣೆಯ ಸ್ಪಷ್ಟತೆ, ಬದಲಾವಣೆ ತರುವ ಬಗೆ ಎಂಬ ಆರು ವಿಷಯಗಳನ್ನು ನೋಡಲು ಹೇಳುತ್ತದೆ. ಇವನ್ನು ತಿಳಿಯಲು ಯಾವ ಉಪಕರಣವೂ ಬೇಡ, ನಮ್ಮನ್ನು ಕೇಳಿದರೆ ಸಾಕು.

ಮನಸ್ಸಿಗೆ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಎನ್ನುತ್ತಾರೆ. ಅದು ಒಳ್ಳೆಯ ಸೇವೆ, ಬೇಕಾದವರು ಖಂಡಿತ ಕರೆ ಮಾಡಲಿ. ಆದರೆ ಅಲ್ಲಿ ಸಮಾಧಾನ ಪಡೆದವಳು ಮರುದಿನ ಕೂರುವುದು ಅದೇ ಬೋರ್ಡಿನ ಎದುರಿಗೆ. ಮಲೆನಾಡಿನ ಮಳೆಯಲ್ಲಿ ರಸ್ತೆಗೆ ಮರ ಬಿದ್ದು ಬಸ್ಸು ತಡವಾದರೆ, ಆ ಹೊತ್ತಿನ ಪೀಸುಗಳೂ ನಮ್ಮ ತಲೆಯ ಮೇಲೆಯೇ. ಬೈಯುವ ಸೂಪರ್‌ವೈಸರ್‌ಗೂ ಮೇಲಿನವರು ಗಂಟೆಗೊಮ್ಮೆ ಲೆಕ್ಕ ಕೇಳುತ್ತಾರೆ. ಅವರೊಬ್ಬರನ್ನು ವರ್ಗ ಮಾಡಿದರೆ ಏನೂ ಬದಲಾಗದು.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ, ತಪಾಸಣೆಯಲ್ಲಿ ಒತ್ತಡವನ್ನೂ ಸೇರಿಸಿ. ಟಾರ್ಗೆಟ್ ಹೇಗೆ ನಿಗದಿಯಾಗುತ್ತದೆ, ಎದ್ದು ಹೋಗಲು ಬಿಡುವು ಇದೆಯೇ, ಯಾರು ಹೇಗೆ ಮಾತನಾಡುತ್ತಾರೆ ಎಂಬುದನ್ನು ಆಡಳಿತದವರು ಎದುರಿಗಿಲ್ಲದಾಗ, ಹೆಸರು ಬರೆದುಕೊಳ್ಳದೆ, ನಮ್ಮಿಂದ ಕೇಳಿ. ಸಂಬಳ ಕೊಡುವವರ ಮುಂದೆ ನಿಲ್ಲಿಸಿ ಕೇಳಿದರೆ ಎಲ್ಲರೂ ಚೆನ್ನಾಗಿದ್ದೇವೆ ಎಂದೇ ಹೇಳುತ್ತೇವೆ. ಕಂಡದ್ದನ್ನೂ, ಅದನ್ನು ಯಾವ ದಿನಾಂಕದೊಳಗೆ ಸರಿಪಡಿಸಬೇಕೆಂಬುದನ್ನೂ ಕನ್ನಡದಲ್ಲಿ ಬರೆಸಿ, ನಾವು ಓದುವ ನೋಟಿಸ್ ಬೋರ್ಡಿಗೆ ಹಾಕಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಗಾರ್ಮೆಂಟ್ಸ್ ಕಾರ್ಮಿಕಳು
ಶಿವಮೊಗ್ಗ ಜಿಲ್ಲೆ